2020–21ರ ಮಹಿಳಾ ಎಫ್‌ಎ ಕಪ್: ಮೇ ತಿಂಗಳ ಫೈನಲ್ ಡಿಸೆಂಬರಿಗೆ ಹೋದದ್ದು ಹೇಗೆ?

ನೀರ್ಚಾಲಿನ ಟೀಚರ್:

ಎಲ್ಲರಿಗೂ ನಮಸ್ಕಾರ. ನಮ್ಮ ಶಾಲೆಯ ಎಂಟನೆಯ ತರಗತಿಯ ಹುಡುಗಿಯೊಬ್ಬಳು ಇಂಗ್ಲೆಂಡಿನ ಮಹಿಳಾ ಫುಟ್‌ಬಾಲಿನ ನಾಕೌಟ್ ಟೂರ್ನಿಯಾದ ಎಫ್‌ಎ ಕಪ್ ಗೆದ್ದ ತಂಡಗಳ ಪಟ್ಟಿಯನ್ನು ನೋಟ್‌ಬುಕ್ಕಿನಲ್ಲಿ ಗೆರೆ ಎಳೆದು ಬರೆದುಕೊಂಡು ಬಂದು ತೋರಿಸಿದಳು. 2020–21ರ ಸಾಲಿನ ಎದುರು, ಸಾಮಾನ್ಯವಾಗಿ ಮೇ ತಿಂಗಳಲ್ಲಿ ಆಗುವ ಫೈನಲ್ ನಡೆದ ದಿನ 2021ರ ಡಿಸೆಂಬರ್ 5 ಎಂದಿತ್ತು. ಅದರ ಸುತ್ತ ಪೆನ್ಸಿಲ್‌ನಿಂದ ವೃತ್ತ ಹಾಕಿ, "ಇದು ತಪ್ಪಿರಬೇಕಲ್ಲ ಟೀಚರ್?" ಎಂದು ಕೇಳಿದಳು. ನಾನು ನಿಂತಲ್ಲೇ ಕೊಟ್ಟ ಉತ್ತರ ನನಗೇ ಸಾಲದೆನಿಸಿತು. ಆದ್ದರಿಂದ ಇಲ್ಲಿ ವಿವರವಾಗಿ ಬರೆಯುತ್ತಿದ್ದೇನೆ. ತಿಳಿದವರು ಸೇರಿಸಬೇಕು, ತಪ್ಪಿದ್ದರೆ ತಿದ್ದಬೇಕು.

ದಿನಾಂಕ ಸರಿಯಾಗಿಯೇ ಇದೆ. ಆ ಋತುವಿನ ಆರಂಭದ ಸುತ್ತುಗಳು 2020ರಲ್ಲಿ ನಡೆದವು. 2021ರ ಜನವರಿಯಲ್ಲಿ ಇಂಗ್ಲೆಂಡಿನಲ್ಲಿ ಕೊರೊನಾ ನಿಮಿತ್ತ ಮತ್ತೆ ಲಾಕ್‌ಡೌನ್ ಬಂದಾಗ, ಕಪ್‌ನಲ್ಲಿ ಆಗ ಆಡುತ್ತಿದ್ದ ತಂಡಗಳು ಉನ್ನತ ದರ್ಜೆಯವಲ್ಲ ಎಂಬ ಕಾರಣ ನೀಡಿ ಇಂಗ್ಲೆಂಡಿನ ಫುಟ್‌ಬಾಲ್ ಸಂಸ್ಥೆ (ಎಫ್‌ಎ) ಟೂರ್ನಿಯನ್ನೇ ತಡೆಹಿಡಿಯಿತು. ವಸಂತದಲ್ಲಿ ಮತ್ತೆ ಆರಂಭವಾಗಿ ಏಪ್ರಿಲ್, ಮೇ ತಿಂಗಳುಗಳಲ್ಲಿ ನಾಲ್ಕನೆಯ ಮತ್ತು ಐದನೆಯ ಸುತ್ತುಗಳು ಮುಗಿಯುವಷ್ಟರಲ್ಲಿ ಋತುವೇ ಕೊನೆಗೊಂಡಿತ್ತು. ಉಳಿದ ಪಂದ್ಯಗಳು ಮುಂದಿನ ಋತುವಿನೊಳಗೆ ಸೇರಿಕೊಂಡವು: ಕ್ವಾರ್ಟರ್ ಫೈನಲ್ ಸೆಪ್ಟೆಂಬರ್ ಕೊನೆಗೆ, ಸೆಮಿಫೈನಲ್ ಅಕ್ಟೋಬರ್ 31ಕ್ಕೆ, ಫೈನಲ್ ಡಿಸೆಂಬರ್ 5ಕ್ಕೆ. ಲಂಡನ್ನಿನ ವೆಂಬ್ಲಿ ಕ್ರೀಡಾಂಗಣದಲ್ಲಿ ಚೆಲ್ಸಿ ತಂಡ ಆರ್ಸೆನಲ್ ತಂಡವನ್ನು 3–0ರಿಂದ ಸೋಲಿಸಿತು.

ಇದೇ ಅವಧಿಯಲ್ಲಿ ಗಂಡಸರ ಎಫ್‌ಎ ಕಪ್ ನಿಲ್ಲಲಿಲ್ಲ. 2021ರ ಜನವರಿ 10ರಂದು ಎಂಟನೆಯ ದರ್ಜೆಯ ಮರೀನ್ ಎಂಬ ಸಣ್ಣ ಕ್ಲಬ್ ತನ್ನ ಪುಟ್ಟ ಮೈದಾನದಲ್ಲಿ ಅಗ್ರ ದರ್ಜೆಯ ಟಾಟನ್‌ಹ್ಯಾಮ್ ತಂಡವನ್ನು ಎದುರಿಸಿತು. ಎಂಟನೆಯ ದರ್ಜೆಯ ಗಂಡಸರು ಆಡಬಹುದು, ಮೂರನೆಯ ದರ್ಜೆಯ ಹೆಂಗಸರು ಆಡಬಾರದು ಎಂಬುದು ನನಗೆ ಇಂದಿಗೂ ಒಪ್ಪಿಗೆಯಾಗಿಲ್ಲ. ನಿಮ್ಮೆಲ್ಲರ ಅಭಿಪ್ರಾಯ ತಿಳಿಯುವ ಆಸೆಯಿದೆ.

ಹೊಸಂಗಡಿ ನಿವಾಸಿ:

ಟೀಚರ್, ನಿಮ್ಮ ಬೇಸರ ಅರ್ಥವಾಗುತ್ತದೆ. ಆದರೆ ಆ ನಿರ್ಧಾರಕ್ಕೆ ಒಂದು ಲೆಕ್ಕವಿತ್ತು ಎಂಬುದನ್ನೂ ಹೇಳಬೇಕು. ಗಂಡಸರ ಕಪ್ ಆ ಹೊತ್ತಿಗೆ ಮೂರನೆಯ ಸುತ್ತಿಗೆ ಬಂದಿತ್ತು. ಮೇಲಿನ ದರ್ಜೆಯ ಕ್ಲಬ್‌ಗಳು ಕಣಕ್ಕೆ ಇಳಿದಿದ್ದರಿಂದ ಮರೀನ್, ಚೋರ್ಲಿಯಂತಹ ಸಣ್ಣ ಕ್ಲಬ್‌ಗಳನ್ನೂ ಕಪ್‌ನಲ್ಲಿ ಇರುವಷ್ಟು ಕಾಲ ಉನ್ನತ ದರ್ಜೆಯವೆಂದೇ ಪರಿಗಣಿಸಿದರು. ಹೆಂಗಸರ ಕಪ್‌ನಲ್ಲಿ ಆರಂಭದ ಸುತ್ತುಗಳೇ ಮುಗಿದಿರಲಿಲ್ಲ, ವೃತ್ತಿಪರ ತಂಡಗಳು ಇನ್ನೂ ಬಂದಿರಲಿಲ್ಲ. ಅದೇ ಜನವರಿಯಲ್ಲಿ ಹೆಂಗಸರ ಅಗ್ರ ದರ್ಜೆಯ ಲೀಗ್ ಆದ ಮಹಿಳೆಯರ ಸೂಪರ್ ಲೀಗ್ ನಿಲ್ಲದೆ ನಡೆಯಿತು ಎಂಬುದನ್ನು ಗಮನಿಸಿ. ಹೆಂಗಸರೆಂಬ ಕಾರಣಕ್ಕೇ ನಿಲ್ಲಿಸಿದ್ದಾದರೆ ಅದನ್ನೂ ನಿಲ್ಲಿಸಬೇಕಿತ್ತಲ್ಲವೇ? ಕೆಳಗಿನ ದರ್ಜೆಯ ಆಟಗಾರ್ತಿಯರಿಗೆ ವಾರ ವಾರ ಕೊರೊನಾ ಪರೀಕ್ಷೆ ಮಾಡಿಸುವ ವ್ಯವಸ್ಥೆಯಾಗಲಿ ಹಣವಾಗಲಿ ಆ ಕ್ಲಬ್‌ಗಳಲ್ಲಿ ಇರಲಿಲ್ಲ.

ನಾವು ಕೇರಳದ ಗಡಿಯ ಕಾಸರಗೋಡಿನವರು ಇದನ್ನು ಮರೆಯಬಾರದು. 2020ರ ಮಾರ್ಚ್‌ನಲ್ಲಿ ತಲಪಾಡಿಯ ರಸ್ತೆ ಮುಚ್ಚಿದಾಗ ಮಂಗಳೂರಿನ ಆಸ್ಪತ್ರೆಗೆ ಹೋಗಬೇಕಿದ್ದ ರೋಗಿಗಳು ಆ್ಯಂಬುಲೆನ್ಸ್‌ನಲ್ಲೇ ಕಾಯುವ ಸ್ಥಿತಿ ಬಂದಿತ್ತು. ಅಂಥ ಕಾಲದಲ್ಲಿ ಒಂದು ಕಪ್ ಕೆಲವು ತಿಂಗಳು ತಡವಾದುದನ್ನು ಅನ್ಯಾಯವೆಂದು ಕರೆಯಲು ನನಗೆ ಮನಸ್ಸು ಬರುವುದಿಲ್ಲ.

ಕುಂಬಳೆಯ ಪಿ.ಟಿ. ಮಾಷ್ಟ್ರು:

ಹೊಸಂಗಡಿಯವರು ಹೇಳಿದ ಲೆಕ್ಕ ಸರಿಯಾಗಿದೆ. ಆದರೆ ಆ ಲೆಕ್ಕದ ಹಿಂದೆ ಇನ್ನೊಂದು ಲೆಕ್ಕವಿದೆ. ಹೆಂಗಸರ ಕೆಳದರ್ಜೆಯ ಕ್ಲಬ್‌ಗಳಲ್ಲಿ ಪರೀಕ್ಷೆ ಮಾಡಿಸುವ ಹಣ ಏಕೆ ಇರಲಿಲ್ಲ? ಆ ವರ್ಷ ಗಂಡಸರ ಕಪ್ ಗೆದ್ದ ತಂಡಕ್ಕೆ 18 ಲಕ್ಷ ಪೌಂಡ್ ಬಹುಮಾನ, ಹೆಂಗಸರ ಕಪ್ ಗೆದ್ದ ತಂಡಕ್ಕೆ 25 ಸಾವಿರ ಪೌಂಡ್. ಭಾಗಿಸಿ ನೋಡಿದರೆ ಎಪ್ಪತ್ತೆರಡು ಪಟ್ಟಿನ ವ್ಯತ್ಯಾಸ. ಗೆದ್ದವರ ಪಾಡೇ ಹೀಗಿರುವಾಗ ಆರಂಭದ ಸುತ್ತುಗಳಲ್ಲಿ ಆಡುವ ತಂಡಕ್ಕೆ ದೂರದ ಊರಿಗೆ ಹೋಗಿ ಬರುವ ಬಸ್ಸಿನ ಖರ್ಚಾದರೂ ಹುಟ್ಟುತ್ತದೆಯೇ ಎಂದು ಯೋಚಿಸಬೇಕು. ಹಣವನ್ನು ಕೊಡದೆ ಇಟ್ಟು, ಹಣವಿಲ್ಲದ ಕಾರಣಕ್ಕೆ ಆಟ ನಿಲ್ಲಿಸಿದರೆ, ಅದನ್ನು ಬರಿಯ ಆರೋಗ್ಯದ ನಿರ್ಧಾರವೆಂದು ನಾನು ಒಪ್ಪಲಾರೆ.

ಇದರ ವಿರುದ್ಧ ಗಟ್ಟಿಯಾಗಿ ದನಿಯೆತ್ತಿದ್ದು ಸಸೆಕ್ಸಿನ ಲೂಯಿಸ್ ಎಂಬ ಕ್ಲಬ್. ತನ್ನ ಗಂಡಸರ ತಂಡಕ್ಕೂ ಹೆಂಗಸರ ತಂಡಕ್ಕೂ ಸಮಾನ ಹಣ ಕೊಡುತ್ತಿದ್ದ ಕ್ಲಬ್ ಅದು. ಕಪ್‌ನ ಬಹುಮಾನವೂ ಸಮಾನವಾಗಬೇಕೆಂದು ಅವರು ಅಭಿಯಾನ ನಡೆಸಿದರು. 2022–23ರಿಂದ ಹೆಂಗಸರ ಕಪ್‌ನ ಒಟ್ಟು ಬಹುಮಾನ ನಿಧಿಯನ್ನು 30 ಲಕ್ಷ ಪೌಂಡಿಗೂ, ಮರುವರ್ಷ 60 ಲಕ್ಷ ಪೌಂಡಿಗೂ ಫುಟ್‌ಬಾಲ್ ಸಂಸ್ಥೆ ಏರಿಸಿತು. ಗಂಡಸರದಕ್ಕೆ ಸಮವಾಗಲಿಲ್ಲ, ಆದರೆ ಏರಿತು. ಅದೇ 2022–23ರಲ್ಲಿ ಲೂಯಿಸ್ ಕ್ವಾರ್ಟರ್ ಫೈನಲ್ ತಲುಪಿ ಮ್ಯಾಂಚೆಸ್ಟರ್ ಯುನೈಟೆಡ್ ಎದುರು ಆಡಿದಾಗ ನಾನು ನಿಜವಾಗಿಯೂ ಆನಂದಪಟ್ಟೆ.

ಬದಿಯಡ್ಕದ ವಿದ್ಯಾರ್ಥಿ:

ಎಲ್ಲರೂ ತಡೆಹಿಡಿದ ವಿಚಾರವನ್ನೇ ಮಾತಾಡುತ್ತಿದ್ದೀರಿ. ಫೈನಲ್ ಪಂದ್ಯ ಹೇಗಿತ್ತು ಎಂದು ಯಾರಾದರೂ ಹೇಳುತ್ತೀರಾ? ನಾನು ಗೋಲುಗಳ ತುಣುಕುಗಳನ್ನು ಮಾತ್ರ ನೋಡಿದ್ದೇನೆ.

ಉಪ್ಪಳದ ಫುಟ್‌ಬಾಲ್ ಪ್ರೇಮಿ:

ತಮ್ಮಾ, ಆ ಪಂದ್ಯಕ್ಕೆ ಹೋಗುವಾಗ ಆರ್ಸೆನಲ್ ಲೀಗ್‌ನಲ್ಲಿ ಮೊದಲ ಸ್ಥಾನದಲ್ಲಿತ್ತು. ಸೆಪ್ಟೆಂಬರ್ ಮೊದಲ ವಾರದಲ್ಲಿ ಚೆಲ್ಸಿಯನ್ನು 3–2ರಿಂದ ಸೋಲಿಸಿಯೂ ಇತ್ತು. ಹೀಗಾಗಿ ಬಿಗಿ ಪೈಪೋಟಿಯನ್ನೇ ಎಲ್ಲರೂ ನಿರೀಕ್ಷಿಸಿದ್ದರು. ಆದರೆ ಮೂರನೆಯ ನಿಮಿಷದಲ್ಲೇ ಚೆಲ್ಸಿಯ ಫ್ರಾನ್ ಕರ್ಬಿ ಗೋಲು ಹೊಡೆದಳು. ಅಲ್ಲಿಂದ ಮುಂದೆ ಕೋಚ್ ಎಮ್ಮಾ ಹೇಯ್ಸ್ ಅವರ ಹುಡುಗಿಯರು ಆರ್ಸೆನಲ್‌ಗೆ ಉಸಿರಾಡಲು ಬಿಡಲಿಲ್ಲ. ಚೆಂಡು ಆರ್ಸೆನಲ್‌ನ ರಕ್ಷಣಾ ಆಟಗಾರ್ತಿಯ ಕಾಲಿಗೆ ಬಂದ ಕೂಡಲೇ ಇಬ್ಬರು ಮೇಲೆ ಬೀಳುತ್ತಿದ್ದರು. ಮಿಡೆಮಾಳಂತಹ ಗೋಲಿನ ಹಸಿವಿನ ಆಟಗಾರ್ತಿಗೆ ಚೆಂಡೇ ತಲುಪುತ್ತಿರಲಿಲ್ಲ. ಮೊದಲಾರ್ಧ 1–0 ಆಗಿದ್ದು ಆರ್ಸೆನಲ್‌ನ ಅದೃಷ್ಟವೆಂದೇ ನನ್ನ ತೀರ್ಮಾನ.

ಉಳಿದೆರಡು ಗೋಲು ಸ್ಯಾಮ್ ಕೆರ್ ಅವಳದು, 57 ಮತ್ತು 77ನೆಯ ನಿಮಿಷಗಳಲ್ಲಿ. ಎರಡನೆಯದನ್ನು ನೀನು ನಿಧಾನವಾಗಿ ನೋಡಬೇಕು. ಓಡುತ್ತಾ ಬಂದವಳು ಗೋಲ್‌ಕೀಪರ್ ಜಿನ್ಸ್‌ಬರ್ಗರ್ ಮುಂದೆ ಬಂದಿರುವುದನ್ನು ಕಂಡು ಬಲವಾಗಿ ಒದೆಯುವುದಿಲ್ಲ. ಚೆಂಡಿನ ಅಡಿಗೆ ಪಾದ ತೂರಿಸಿ, ಸೌಟಿನಿಂದ ಎತ್ತಿ ಹಾಕಿದ ಹಾಗೆ ಮೇಲಕ್ಕೆ ಎತ್ತುತ್ತಾಳೆ. ಚೆಂಡು ಗೋಲ್‌ಕೀಪರ್‌ಳ ತಲೆಯ ಮೇಲಿಂದ ಹೋಗಿ ಹಿಂದೆ ಇಳಿಯುತ್ತದೆ. ಅಂಥ ಪಂದ್ಯದಲ್ಲಿ, 40,942 ಪ್ರೇಕ್ಷಕರ ಎದುರು, ಅಷ್ಟು ಹಗುರವಾಗಿ ಚೆಂಡು ಮುಟ್ಟಲು ಎದೆಗಾರಿಕೆ ಬೇಕು.

ಅದರೊಂದಿಗೆ ಚೆಲ್ಸಿಗೆ 2020–21ರ ಲೀಗ್, ಲೀಗ್ ಕಪ್, ಎಫ್‌ಎ ಕಪ್ ಮೂರೂ ದಕ್ಕಿದವು. ಋತು ಮುಗಿದು ಅರ್ಧ ವರ್ಷವಾದ ಮೇಲೆ ಮೂರನೆಯ ಕಿರೀಟ ಬಂತು. ಆರ್ಸೆನಲ್‌ನ ಪಾಡು ಇನ್ನೂ ವಿಚಿತ್ರ: ಆ ಋತುವಿನಲ್ಲಿ ತಂಡದ ಕೋಚ್ ಆಗಿದ್ದ ಜೋ ಮೊಂಟೆಮುರೊ ಬೇಸಗೆಯಲ್ಲೇ ಬಿಟ್ಟುಹೋಗಿದ್ದರು, ಫೈನಲ್‌ನಲ್ಲಿ ಪಕ್ಕದ ಗೆರೆಯ ಬಳಿ ನಿಂತವರು ಹೊಸಬರಾದ ಯೋನಸ್ ಐಡೆವಾಲ್. ಐದೂವರೆ ತಿಂಗಳಲ್ಲೇ, 2022ರ ಮೇ 15ರಂದು, ಮುಂದಿನ ಋತುವಿನ ಫೈನಲ್ ಬಂತು. ಅದನ್ನೂ ಚೆಲ್ಸಿಯೇ ಗೆದ್ದಿತು, ಮ್ಯಾಂಚೆಸ್ಟರ್ ಸಿಟಿ ಎದುರು ಹೆಚ್ಚುವರಿ ಸಮಯದಲ್ಲಿ 3–2ರಿಂದ.

ಹೊಸಂಗಡಿ ನಿವಾಸಿ:

ಮಾಷ್ಟ್ರೇ, ಬಹುಮಾನದ ವಿಚಾರದಲ್ಲಿ ನಿಮ್ಮ ಮಾತನ್ನು ಒಪ್ಪುತ್ತೇನೆ. ಆದರೂ ಒಂದು ಸಂಶಯ ಉಳಿದಿದೆ. ಆ ಏಪ್ರಿಲ್‌ನಲ್ಲಿ ನಾಲ್ಕನೆಯ ಸುತ್ತು ನಡೆದಾಗ ಆರ್ಸೆನಲ್ ತಂಡ ಗಿಲಿಂಗ್‌ಹ್ಯಾಮ್ ಎಂಬ ಹವ್ಯಾಸಿ ತಂಡವನ್ನು 10–0ರಿಂದ ಸೋಲಿಸಿತು. ಹತ್ತು ಗೋಲು ತಿಂದು ಮನೆಗೆ ಹೋಗುವುದರಿಂದ ಆ ಹುಡುಗಿಯರಿಗೆ ಆದ ಲಾಭವೇನು? ಸಣ್ಣ ತಂಡಗಳಿಗೆ ಬೇರೆಯೇ ಕಪ್ ಇಟ್ಟರೆ ಸಮಬಲದ ಆಟವಾದರೂ ಸಿಗುತ್ತಿತ್ತು.

ಪೆರ್ಲದ ಅಮ್ಮ:

ಈ ಪ್ರಶ್ನೆಗೆ ನಾನು ಉತ್ತರ ಕೊಡಬಹುದೆಂದು ತೋರುತ್ತದೆ. ನಾನು ಫುಟ್‌ಬಾಲ್ ಆಡಿದವಳಲ್ಲ. ನಮ್ಮ ಕಾಲದಲ್ಲಿ ಹುಡುಗಿಯರಿಗೆ ಶಾಲೆಯಲ್ಲಿ ಖೋಖೋ ಮತ್ತು ತ್ರೋಬಾಲ್ ಇತ್ತು, ಫುಟ್‌ಬಾಲ್ ಹುಡುಗರ ಕೈಗೆ ಮಾತ್ರ ಸಿಗುತ್ತಿತ್ತು. ನನ್ನ ಮಗಳು ಆಡುತ್ತಾಳೆ. ಅವಳು ಮೊದಲು ಸೇರಿದ ಶಾಲೆಯಲ್ಲಿ ಆಟದ ಪೀರಿಯಡ್‌ನಲ್ಲಿ ಹುಡುಗಿಯರನ್ನು ಮರದ ನೆರಳಿನಲ್ಲಿ ಕೂರಿಸುತ್ತಿದ್ದರು. ಅವಳು ಎರಡು ಬಾರಿ ಚೆಂಡು ಕೇಳಿದಳು, ಎರಡೂ ಬಾರಿ "ಬಿದ್ದು ಕೈ ಮುರಿದುಕೊಂಡರೆ ನಿನ್ನ ಮನೆಯವರಿಗೆ ಯಾರು ಉತ್ತರ ಹೇಳುವುದು?" ಎಂದರಂತೆ. ಶಾಲೆ ಬದಲಾದ ಮೇಲೆ ಆಡಲು ಅವಕಾಶ ಸಿಕ್ಕಿತು. ಅವಳ ಮೊದಲ ಉಪಜಿಲ್ಲಾ ಪಂದ್ಯದಲ್ಲಿ ತಂಡ 7–0ರಿಂದ ಸೋತಿತು. ಪಂದ್ಯ ನಡೆದದ್ದು ಮುರಕಲ್ಲಿನ ಪದವಿನ ಮೈದಾನದಲ್ಲಿ. ಮನೆಗೆ ಬಂದಾಗ ಎರಡೂ ಮೊಣಕಾಲು ತರಚಿ ಕೆಂಪು ಧೂಳು ಗಾಯಕ್ಕೆ ಅಂಟಿಕೊಂಡಿತ್ತು. ಬಿಸಿನೀರಿನಲ್ಲಿ ಬಟ್ಟೆ ಅದ್ದಿ ಒರೆಸುತ್ತಾ ಇರುವಾಗ ಅವಳು ಅಳುತ್ತಾಳೆಂದು ನಾನು ಕಾದೆ. ಅವಳು ಎದುರಿನ ತಂಡದ ಒಂಬತ್ತನೆಯ ಅಂಗಿಯ ಹುಡುಗಿ ಎಡಗಾಲಿನಲ್ಲಿ ಚೆಂಡು ನಿಲ್ಲಿಸಿ ಬಲಗಾಲಿನಲ್ಲಿ ತಿರುಗಿಸುವುದು ಹೇಗೆಂದು ನೆಲದ ಮೇಲೆ ಬೆರಳಿನಿಂದ ಗೆರೆ ಎಳೆದು ನನಗೆ ತೋರಿಸಿದಳು. ಅದಾದ ಮರುದಿನದಿಂದ ಅಂಗಳದಲ್ಲಿ ಅದನ್ನೇ ಅಭ್ಯಾಸ ಮಾಡಿದಳು.

ಗಿಲಿಂಗ್‌ಹ್ಯಾಮ್‌ನ ಹುಡುಗಿಯರೂ ಮಿಡೆಮಾ ಆಡುತ್ತಿದ್ದ ಕ್ಲಬ್‌ನ ಎದುರು ತೊಂಬತ್ತು ನಿಮಿಷ ನಿಂತವರು. ಬೇರೆ ಕಪ್ ಇಟ್ಟರೆ ಆ ತೊಂಬತ್ತು ನಿಮಿಷ ಅವರಿಗೆ ಎಂದೂ ಸಿಗುತ್ತಿರಲಿಲ್ಲ.

ಹೊಸಂಗಡಿ ನಿವಾಸಿ:

ಅಕ್ಕಾ, ನನ್ನ ಪ್ರಶ್ನೆಯನ್ನು ಹಿಂದೆಗೆದುಕೊಳ್ಳುತ್ತೇನೆ.

ನೀರ್ಚಾಲಿನ ಟೀಚರ್:

ಪೆರ್ಲದ ಅಕ್ಕನ ಬರಹವನ್ನು ನಮ್ಮ ಹುಡುಗಿಯರಿಗೆ ಓದಿ ಹೇಳಿದೆ. ನಾಕೌಟ್ ಕಪ್‌ನ ಜೀವ ಇರುವುದು ಆ ಕೆಳಗಿನ ಸುತ್ತುಗಳಲ್ಲಿ ಎಂದು ನಾನು ನಂಬಿದ್ದೇನೆ. ಲೀಗ್‌ನಲ್ಲಿ ಮೇಲಿನವರು ಮೇಲಿನವರೊಂದಿಗೇ ಆಡುತ್ತಾರೆ. ಕಪ್‌ನಲ್ಲಿ ಮಾತ್ರ ಊರಿನ ತಂಡವೊಂದು ಗೆಲ್ಲುತ್ತಾ ಹೋದರೆ ದೇಶದ ಅತ್ಯುತ್ತಮ ತಂಡದ ಎದುರು ನಿಲ್ಲುವ ದಾರಿ ತೆರೆದಿರುತ್ತದೆ. ಆದ್ದರಿಂದಲೇ ಆ ಜನವರಿಯಲ್ಲಿ ಆರಂಭದ ಸುತ್ತುಗಳನ್ನು ನಿಲ್ಲಿಸಿದ್ದು ನನಗೆ ಅಷ್ಟು ನೋವು ತಂದಿತು.

ಇನ್ನು ಫೈನಲ್‌ನ ದಿನದ ಬಗ್ಗೆ ಒಂದು ವಿಷಯ. 1920ರ ಡಿಸೆಂಬರ್ 26ರಂದು ಲಿವರ್‌ಪೂಲಿನ ಗುಡಿಸನ್ ಪಾರ್ಕಿನಲ್ಲಿ ಡಿಕ್, ಕೆರ್ ಲೇಡೀಸ್ ಎಂಬ ತಂಡ ಸೇಂಟ್ ಹೆಲೆನ್ಸ್ ತಂಡದ ಎದುರು ಆಡಿತು. ಡಿಕ್, ಕೆರ್ ಎಂಬುದು ಪ್ರೆಸ್ಟನ್ನಿನ ಕಾರ್ಖಾನೆ. ಮೊದಲ ಮಹಾಯುದ್ಧದ ಕಾಲದಲ್ಲಿ ಅಲ್ಲಿ ಮದ್ದುಗುಂಡು ತಯಾರಿಸುತ್ತಿದ್ದ ಹೆಂಗಸರು ಕಟ್ಟಿದ ತಂಡ ಅದು. ಆಟ ನೋಡಲು 53,000 ಜನ ಒಳಗಿದ್ದರು, ಸಾವಿರಾರು ಜನ ಹೊರಗೆ ಉಳಿದರು. ಪಂದ್ಯದಿಂದ ಬಂದ ಹಣ ದಾನಕ್ಕೆ ಹೋಯಿತು. ಒಂದು ವರ್ಷ ತುಂಬುವ ಮೊದಲೇ, 1921ರ ಡಿಸೆಂಬರ್ 5ರಂದು, ಫುಟ್‌ಬಾಲ್ ಹೆಂಗಸರಿಗೆ ಸಲ್ಲದ ಆಟವೆಂದು ಹೇಳಿ ತನ್ನ ಸದಸ್ಯ ಕ್ಲಬ್‌ಗಳ ಮೈದಾನಗಳಲ್ಲಿ ಅವರು ಆಡದಂತೆ ಇಂಗ್ಲೆಂಡಿನ ಫುಟ್‌ಬಾಲ್ ಸಂಸ್ಥೆ ನಿಷೇಧ ಹೇರಿತು. ಆ ನಿಷೇಧ ಸುಮಾರು ಐವತ್ತು ವರ್ಷ ಉಳಿಯಿತು. ಮುಂದೂಡಿದ ಫೈನಲ್ ನಡೆದದ್ದು 2021ರ ಡಿಸೆಂಬರ್ 5ರಂದು, ಸರಿಯಾಗಿ ನೂರು ವರ್ಷಕ್ಕೆ.

ಕುಂಬಳೆಯ ಪಿ.ಟಿ. ಮಾಷ್ಟ್ರು:

ಟೀಚರ್, ಇದಕ್ಕೆ ಒಂದು ಮಾತು ಸೇರಿಸುತ್ತೇನೆ. ಆಟವನ್ನು ನಿಷೇಧಿಸುವುದಕ್ಕಿಂತ ಮೈದಾನವನ್ನು ಕಸಿದುಕೊಳ್ಳುವುದು ಸುಲಭ. ಆ ಹೆಂಗಸರು ರಗ್ಬಿ ಮೈದಾನಗಳಲ್ಲಿ, ಸಾರ್ವಜನಿಕ ಬಯಲುಗಳಲ್ಲಿ ಆಡುತ್ತಲೇ ಇದ್ದರು, ಆದರೆ ಗ್ಯಾಲರಿ ಇಲ್ಲದ ಕಡೆ ಸಾವಿರಾರು ಪ್ರೇಕ್ಷಕರು ಸೇರುವುದಿಲ್ಲ, ಟಿಕೆಟಿನ ಹಣ ಬರುವುದಿಲ್ಲ, ಮುಂದಿನ ಪೀಳಿಗೆಯ ಹುಡುಗಿ ಆಟವನ್ನು ಕಣ್ಣಾರೆ ಕಾಣುವುದಿಲ್ಲ. ಹೆಂಗಸರ ಕಪ್ ಆರಂಭವಾದದ್ದು 1970–71ರಲ್ಲಿ. ಮೊದಲ ಫೈನಲ್ 1971ರ ಮೇ 9ರಂದು ಲಂಡನ್ನಿನ ಕ್ರಿಸ್ಟಲ್ ಪ್ಯಾಲೇಸ್ ಕ್ರೀಡಾಂಗಣದಲ್ಲಿ ನಡೆದು, ಸೌತಾಂಪ್ಟನ್ ತಂಡ ಸ್ಕಾಟ್ಲೆಂಡಿನ ಸ್ಟೂವರ್ಟನ್ ಥಿಸಲ್ ತಂಡವನ್ನು 4–1ರಿಂದ ಸೋಲಿಸಿತು. ಗಂಡಸರ ಕಪ್ 1871–72ರಲ್ಲೇ ಆರಂಭವಾಗಿತ್ತು. ಹೆಂಗಸರ ಫೈನಲ್ ವೆಂಬ್ಲಿಯನ್ನು ಕಂಡದ್ದು 2015ರಲ್ಲಿ. ಅಂದು 30,710 ಪ್ರೇಕ್ಷಕರಿದ್ದರು. 2023ರಲ್ಲಿ ಚೆಲ್ಸಿ ಮತ್ತು ಮ್ಯಾಂಚೆಸ್ಟರ್ ಯುನೈಟೆಡ್ ಆಡಿದಾಗ 77,390 ಜನ ಬಂದರು. ಮೈದಾನ ಕೊಟ್ಟರೆ ಜನ ಬರುತ್ತಾರೆ ಎಂಬುದಕ್ಕೆ ಇನ್ನೇನು ಸಾಕ್ಷಿ ಬೇಕು?

ತೃಕರಿಪುರದಲ್ಲಿರುವ ಕನ್ನಡಿಗ:

ನಾನು ಉದ್ಯೋಗದ ನಿಮಿತ್ತ ಕಾಸರಗೋಡು ಜಿಲ್ಲೆಯ ದಕ್ಷಿಣದಲ್ಲಿ ಇದ್ದೇನೆ. ಇಲ್ಲಿ ಫುಟ್‌ಬಾಲ್ ಎಂದರೆ ಊರಿಗೆ ಊರೇ ಬರುತ್ತದೆ. ಭಾರತ ತಂಡಕ್ಕೆ ಆಡಿದ ಮುಹಮ್ಮದ್ ರಾಫಿ ಇದೇ ಊರಿನವರು. ತಂಡಕ್ಕೆ ಏಳು ಮಂದಿಯಂತೆ ಆಡುವ ಸೆವೆನ್ಸ್ ಟೂರ್ನಿಗೆ ಕಂಗು, ಬಿದಿರು ಕಟ್ಟಿ ಗ್ಯಾಲರಿ ಮಾಡುತ್ತಾರೆ. ಆದರೆ ಆ ಸೆವೆನ್ಸ್‌ನಲ್ಲಿ ಹೆಣ್ಣುಮಕ್ಕಳ ತಂಡವನ್ನು ನಾನು ಕಂಡದ್ದು ಬಹಳ ಕಡಿಮೆ, ಅದೂ ಪ್ರದರ್ಶನ ಪಂದ್ಯವೆಂದು. ನಮ್ಮ ಕನ್ನಡ ಊರುಗಳ ಕಡೆ ಬಂದರೆ ಕಬಡ್ಡಿ, ವಾಲಿಬಾಲ್ ಮುಂದು, ಫುಟ್‌ಬಾಲ್ ಹಿಂದು. ನಮ್ಮ ಹುಡುಗಿಯರಿಗೆ ಎರಡು ಗೋಡೆ ದಾಟಬೇಕಾಗಿದೆ.

ದಾರಿ ಇಲ್ಲವೆಂದಲ್ಲ. ಕೋಝಿಕ್ಕೋಡಿನ ಗೋಕುಲಂ ಕೇರಳ ಕ್ಲಬ್‌ನ ಮಹಿಳಾ ತಂಡ 2019–20, 2021–22, 2022–23ರಲ್ಲಿ ಭಾರತೀಯ ಮಹಿಳಾ ಲೀಗ್ ಗೆದ್ದಿದೆ. ಮೂರನೆಯ ಸಲ ಫೈನಲ್‌ನಲ್ಲಿ ಸೋತದ್ದು ನಮ್ಮ ಬೆಂಗಳೂರಿನ ಕಿಕ್‌ಸ್ಟಾರ್ಟ್ ತಂಡ. ಇಲ್ಲಿ ಚರ್ಚೆಯಾಗುತ್ತಿರುವ ಫೈನಲ್‌ಗೆ ಒಂದು ತಿಂಗಳ ಹಿಂದೆ, 2021ರ ನವೆಂಬರಿನಲ್ಲಿ, ಗೋಕುಲಂ ಜೋರ್ಡಾನಿಗೆ ಹೋಗಿ ಏಷ್ಯಾದ ಮಹಿಳಾ ಕ್ಲಬ್ ಚಾಂಪಿಯನ್‌ಶಿಪ್‌ನಲ್ಲಿ ಆಡಿತು. ಎರಡು ಪಂದ್ಯ ಸೋತು, ಉಜ್ಬೇಕಿಸ್ತಾನದ ಬುನ್ಯೋದ್ಕೋರ್ ತಂಡವನ್ನು 3–1ರಿಂದ ಸೋಲಿಸಿತು. ಆದರೆ ಲೀಗ್‌ಗೆ ಹೋಗಲು ಮೊದಲೇ ದೊಡ್ಡ ಕ್ಲಬ್‌ನಲ್ಲಿ ಇರಬೇಕು. ನಮ್ಮಲ್ಲಿ 1888ರಲ್ಲಿ ಆರಂಭವಾದ ಡ್ಯುರಾಂಡ್ ಕಪ್ ಇದೆ, ಅದು ಗಂಡಸರದು. 1991ರಿಂದ ನಡೆಯುತ್ತಿರುವ ರಾಷ್ಟ್ರೀಯ ಮಹಿಳಾ ಚಾಂಪಿಯನ್‌ಶಿಪ್ ರಾಜ್ಯ ತಂಡಗಳಿಗೆ ಸೇರಿದ್ದು. ಪೆರ್ಲದ ಅಥವಾ ಮುಳ್ಳೇರಿಯದ ಹುಡುಗಿಯರು ತಮ್ಮ ಊರಿನ ಹೆಸರಿನಲ್ಲೇ ಕಟ್ಟಿದ ತಂಡ ಮೊದಲ ಸುತ್ತಿನಿಂದ ಆಡುತ್ತಾ ಗೋಕುಲಂ ತಂಡದವರೆಗೆ ಹೋಗಬಹುದಾದ ಕಪ್ ನಮಗೆ ಬೇಕು.

ಕುಂಬಳೆಯ ಪಿ.ಟಿ. ಮಾಷ್ಟ್ರು:

ಅಂಥ ಕಪ್ ಬರುವವರೆಗೆ ಶಾಲಾ ಹುಡುಗಿಯರಿಗೆ ಸುಬ್ರತೊ ಕಪ್ ಇದೆ. ಹದಿನೇಳು ವರ್ಷದೊಳಗಿನ ಹುಡುಗಿಯರ ವಿಭಾಗವಿದ್ದು, ಕೆಳಗಿನ ಹಂತದಲ್ಲಿ ಗೆದ್ದವರು ರಾಜ್ಯಕ್ಕೆ, ಅಲ್ಲಿಂದ ರಾಷ್ಟ್ರ ಮಟ್ಟಕ್ಕೆ ಹೋಗುತ್ತಾರೆ. ಅದರಲ್ಲಿ ಶಾಲೆಯ ಹೆಸರಿನಲ್ಲೇ ಆಡಬಹುದು. ನಮ್ಮ ಕನ್ನಡ ಮಾಧ್ಯಮ ಶಾಲೆಗಳು ಹುಡುಗಿಯರ ತಂಡವನ್ನು ಹೆಸರಿಸದೆ ಬಿಡುವುದೇ ಹೆಚ್ಚು. "ಹನ್ನೊಂದು ಮಂದಿ ಆಗುವುದಿಲ್ಲ" ಎನ್ನುತ್ತಾರೆ. ಟೀಚರ್, ನಿಮ್ಮಲ್ಲಿ ಎಷ್ಟು ಮಂದಿ ಇದ್ದಾರೆ?

ನೀರ್ಚಾಲಿನ ಟೀಚರ್:

ಮಾಷ್ಟ್ರೇ, ಈಗ ಒಂಬತ್ತು ಮಂದಿ ಇದ್ದಾರೆ. ಬೂಟು ಇರುವುದು ನಾಲ್ವರಿಗೆ. ಮೈದಾನದ ಒಂದು ಬದಿಯ ಗೋಲುಕಂಬವನ್ನು ಮಕ್ಕಳ ಅಪ್ಪಂದಿರು ಅಡಿಕೆ ಮರ ಕಡಿದು ನೆಟ್ಟುಕೊಟ್ಟಿದ್ದಾರೆ, ಇನ್ನೊಂದು ಬದಿಗೆ ಸದ್ಯ ಎರಡು ಕಲ್ಲು ಇಟ್ಟಿದ್ದೇವೆ. ಪಟ್ಟಿ ತಂದ ಹುಡುಗಿ ಗೋಲ್‌ಕೀಪರ್.

ಪೆರ್ಲದ ಅಮ್ಮ:

ಟೀಚರ್, ನನ್ನ ಮಗಳ ಶಾಲೆಯಲ್ಲಿ ಎಂಟು ಮಂದಿ ಇದ್ದಾರೆ. ಅವರ ಮಾಷ್ಟ್ರನ್ನು ಕೇಳಿ ನೋಡುತ್ತೇನೆ.

ಕುಂಬಳೆಯ ಪಿ.ಟಿ. ಮಾಷ್ಟ್ರು:

ಏಳು ಮಂದಿ ಇದ್ದರೆ ಸೆವೆನ್ಸ್ ಆಡಬಹುದು. ಶನಿವಾರ ಮಧ್ಯಾಹ್ನ ಮೂರಕ್ಕೆ ನಾನು ನೀರ್ಚಾಲಿಗೆ ಬರುತ್ತೇನೆ. ಬಲೆ ಎರಡು ನನ್ನಲ್ಲಿವೆ. ಇನ್ನೊಂದು ಬದಿಯ ಕಂಬಕ್ಕೆ ಗುಂಡಿ ತೋಡಿಸಿಡಿ, ಒಂದೂವರೆ ಅಡಿ ಆಳ ಬೇಕು.